ಸಾಹೇಬರ ಚಿತ್ರಕ್ಕೆ ಅರೆದ ಕಲ್ಲು

ಬೈಲಹೊಂಗಲದ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ವಿಕ್ಟೋರಿಯಾ ರಾಣಿ ತೀರಿಕೊಂಡು ಎರಡು ಸುಗ್ಗಿ ಕಳೆದ ಮೇಲಿನ ಸಂಕ್ರಾಂತಿಯ ಮರುದಿನ ಪೇಟೆಯ ಒಂದು ಮನೆಯಲ್ಲಿ ಹೊರಟ ಹುಕುಮನ್ನು ಬಿಟ್ಟು ಬರೆಯುವಂತಿಲ್ಲ. ಹುಕುಮು ಹೀಗಿತ್ತು: ಮುಂದಿನ ಅಪ್ಪಣೆಯಾಗುವವರೆಗೆ, ಮುಂಜಾನೆ ಏಳು ಗಂಟೆಯ ನಂತರ ಈ ಮನೆಯಲ್ಲಿ ಯಾರೂ ರೊಟ್ಟಿ ಬಡಿಯತಕ್ಕದ್ದಲ್ಲ.

ಹೊರಡಿಸಿದವನು ಮನೆಯ ಯಜಮಾನ ವೀರಪ್ಪ. ಕೋಟು ತೊಟ್ಟು, ಕಿಸೆಯ ಗಡಿಯಾರವನ್ನು ತೆಗೆದು ನೋಡಿ, ಅಡಿಗೆಮನೆಯ ಹೊಸ್ತಿಲಿನಾಚೆಯೇ ನಿಂತು ಹೊರಡಿಸಿದ. ಕೇಳಿಸಿಕೊಂಡವರು ಮೂವರು. ಒಲೆಯ ಮುಂದೆ ಹೆಂಡತಿ ರಾಚವ್ವ, ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಮಗಳು ಸೀತವ್ವ, ಮೂಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದ ತಾಯಿ ಶಟ್ಟೆವ್ವ.

"ಸಪ್ಪಳಾ ಆಗದಂಗ ರೊಟ್ಟಿ ಬಡಿಯೂದನ್ನ ಸಾಹೇಬ ಕಲಿಸಿ ಕೊಟ್ಟಾನೇನು?" ಎಂದು ಶಟ್ಟೆವ್ವ ಬಳ್ಳೊಳ್ಳಿಯನ್ನು ಕೇಳಿದಳು.

ಬಳ್ಳೊಳ್ಳಿ ಉತ್ತರ ಕೊಡಲಿಲ್ಲ. ವೀರಪ್ಪನೂ ಕೊಡಲಿಲ್ಲ, ಮೇಜಿಗೆ ಹೋಗಿ ಕುಳಿತ.

ಆ ಮನೆಯಲ್ಲಿ ಮೇಜು ಹೊಸದು, ಛಾಪಖಾನೆ ಹಳೆಯದು. ವೀರಪ್ಪನ ತಂದೆ ಮುದಕಪ್ಪ ಹಾಕಿದ ಕಲ್ಲಚ್ಚಿನ ಛಾಪಖಾನೆ ಅದು. ನುಣುಪಾದ ದಪ್ಪ ಕಲ್ಲಿನ ಮೇಲೆ ಎಣ್ಣೆಯ ಮಸಿಯಿಂದ ಅಕ್ಷರಗಳನ್ನು ತಿರುವುಮುರುವಾಗಿ ಬರೆದು, ಕಲ್ಲನ್ನು ತೋಯಿಸಿ, ಶಾಯಿ ಹಚ್ಚಿ, ಕಾಗದ ಒತ್ತಿದರೆ ಅಕ್ಷರಗಳು ನೆಟ್ಟಗೆ ಮೂಡುತ್ತಿದ್ದವು. ಲಗ್ನಪತ್ರಿಕೆ, ಭಜನೆಯ ಪದಗಳು, ಸಾಲೆಯ ಮಗ್ಗಿ, ಎಲ್ಲವೂ ಆ ಮನೆಯ ಪಡಸಾಲೆಯಲ್ಲಿ ಹುಟ್ಟಿ ಕಿತ್ತೂರು, ಸವದತ್ತಿ, ರಾಮದುರ್ಗದ ಸಂತೆಗಳಲ್ಲಿ ಮಾರಾಟವಾಗುತ್ತಿದ್ದವು. ಶಾಯಿಗೆಂದು ಪಡಸಾಲೆಯಲ್ಲಿ ಅಗಸಿ ಎಣ್ಣೆ ಕಾಯಿಸುತ್ತಿದ್ದರು, ಊಟಕ್ಕೆಂದು ಅಡಿಗೆಮನೆಯಲ್ಲಿ ಅಗಸಿ ಹುರಿದು ಖಾರದ ಹಿಂಡಿ ಕುಟ್ಟುತ್ತಿದ್ದರು. ಓಣಿಯಲ್ಲಿ ಹಾಯ್ದವರಿಗೆ ಈ ಮನೆಯಲ್ಲಿ ಪುಸ್ತಕ ಬೇಯುತ್ತಿದೆಯೋ ಊಟ ಬೇಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಆ ವಾಸನೆ ಈಗ ಯಾವ ಮನೆಯಲ್ಲೂ ಇಲ್ಲ.

ಮುದಕಪ್ಪ ತೀರಿಕೊಂಡ ಮೇಲೆ ವೀರಪ್ಪ ಛಾಪಖಾನೆಯ ಜೊತೆಗೆ ಅರಳೆಯ ದಲಾಲಿಯನ್ನೂ ಹಿಡಿದ. ಊರ ಹೊರಗೆ ಅರಳೆ ಬಿಡಿಸುವ ಜಿನ್ನು ಇತ್ತು. ಅದರ ಉಸ್ತುವಾರಿ ನೋಡುತ್ತಿದ್ದವರು ಪೆಂಬರ್ಟನ್ ಸಾಹೇಬರು. ಅವರು ಹರೆಯದಲ್ಲಿ ಲಂಡನ್ನಿನಲ್ಲಿ ಪುಸ್ತಕದ ಅಂಗಡಿಯಲ್ಲಿದ್ದು, ಮುಂಬಯಿಗೆ ಬಂದು ಸಾಲೆಯ ಪುಸ್ತಕ, ನಕಾಶೆಗಳನ್ನು ಛಾಪಿಸಿ ಮಾರಿ, ಕಡೆಗೆ ಪುಸ್ತಕಕ್ಕಿಂತ ಅರಳೆಯನ್ನು ಜನ ಹೆಚ್ಚು ಕೊಳ್ಳುತ್ತಾರೆಂದು ಕಂಡುಕೊಂಡು ಈ ಕಡೆ ಬಂದವರು. ಛಾಪಖಾನೆಯ ಮನುಷ್ಯನೆಂದು ವೀರಪ್ಪನ ಮೇಲೆ ಅವರಿಗೆ ಒಂದು ತೂಕ ವಿಶ್ವಾಸ ಹೆಚ್ಚು. ವೀರಪ್ಪನಿಗೆ ಅವರ ಮೇಲೆ ಹತ್ತು ತೂಕ. ಕೋಟು ಅವರಿಂದ ಬಂತು, ಗಡಿಯಾರ ಅವರಿಂದ ಬಂತು, ನಾಲ್ಕು ಗಂಟೆಯ ಚಹಾ ಅವರಿಂದ ಬಂತು. ಮೇಜು ಬೆಳಗಾವಿಯ ಕ್ಯಾಂಪಿನ ಲಿಲಾವಿನಲ್ಲಿ, ಹರಾಜಿನ ಬೆಲೆಗೆ ಬಂತು. ವೀರಪ್ಪ ಅದರ ಮುಂದೆ ಖುರ್ಚಿಯಲ್ಲಿ ಕುಳಿತು ರೊಟ್ಟಿ, ಮುಳಗಾಯಿ ಪಲ್ಯ ಉಣ್ಣುತ್ತಿದ್ದ. ಬಡಿಸಲು ರಾಚವ್ವ ಬಗ್ಗಬೇಕಾಗಿರಲಿಲ್ಲ, ಇದೊಂದೇ ಮೇಜಿನಿಂದ ಆಕೆಗಾದ ಲಾಭ.

ಆ ಯುಗಾದಿಗೆ ಸಾಹೇಬರು ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೊರಡುವವರಿದ್ದರು. ಅವರು ಹೋದ ಮೇಲೆ ಸುತ್ತಿನ ಹಳ್ಳಿಗಳ ಅರಳೆ ಖರೀದಿಯ ಏಜೆನ್ಸಿ ಯಾರಿಗೆ ಎಂಬುದು ಸಾಹೇಬರ ಒಂದು ಮಾತಿನ ಮೇಲೆ ನಿಂತಿದೆ ಎಂದು ವೀರಪ್ಪ ತಿಳಿದಿದ್ದ. ಅದಕ್ಕೆಂದೇ ಅವನು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಕುಳಿತದ್ದು. ಜಿನ್ನಿನಲ್ಲಿ ಬೀಳ್ಕೊಡುವ ದಿನ ಚಿತ್ರಸಹಿತ ಪುಸ್ತಕವನ್ನು ಅವರ ಕೈಗಿಡಬೇಕು. ರೊಟ್ಟಿಯ ಸಪ್ಪಳಕ್ಕೆ ವಾಕ್ಯಗಳು ಮುರಿಯುತ್ತಿದ್ದವು.

ಹುಕುಮು ನಡೆಯಿತು. ರಾಚವ್ವ ಕೋಳಿ ಕೂಗುವ ಮೊದಲೇ ಎದ್ದು ಒಲೆ ಹೊತ್ತಿಸತೊಡಗಿದಳು. ಮಧ್ಯಾಹ್ನಕ್ಕೆ ರೊಟ್ಟಿ ತಣ್ಣಗಾಗಿ ಸೆಟೆದಿರುತ್ತಿತ್ತು. ವೀರಪ್ಪ ಅದನ್ನು ಮಜ್ಜಿಗೆಯಲ್ಲಿ ಅದ್ದಿ ತಿನ್ನುತ್ತ, ಹೊಸದಾಗಿ ಬರೆದ ಭಾಗವನ್ನು ಎಲ್ಲರಿಗೂ ಓದಿ ಹೇಳುತ್ತಿದ್ದ. ಸಾಹೇಬರು ಹಡಗು ಹತ್ತಿದರು, ಸಾಹೇಬರು ಮುಂಬಯಿಯಲ್ಲಿ ಇಳಿದರು, ಸಾಹೇಬರ ನಕಾಶೆಗಳನ್ನು ಗವರ್ನರ ಸಾಹೇಬರು ಮೆಚ್ಚಿದರು. ಸೀತವ್ವ ಗಂಡನ ಮನೆಗೆ ಹೋಗಲು ಇನ್ನೂ ಒಂದು ವರ್ಷವಿತ್ತು. ಹಡಗಿನಲ್ಲಿ ಎಮ್ಮೆ ಕಟ್ಟಲು ಜಾಗ ಇರುತ್ತದೆಯೇ ಎಂದು ಕೇಳಿ ಬೈಸಿಕೊಂಡಳು. ಶಟ್ಟೆವ್ವ ಹಲವು ದಿನ ಸುಮ್ಮನೆ ಕೇಳಿ, ಒಂದು ಮಧ್ಯಾಹ್ನ ತಾಟು ಸರಿಸಿದಳು.

"ಅವನವ್ವನ ಹೆಸರೇನು?"

"ಯಾರದು?"

"ನಿನ್ನ ಸಾಹೇಬಂದು. ಇಷ್ಟ ದಿನಾ ಓದಿದಿ, ಹಡಗದಾಗ ಹುಟ್ಟಿದಂಗ ಐತಿ."

ಕೇಳಿಲ್ಲ ಎಂದು ವೀರಪ್ಪ ಒಪ್ಪಬೇಕಾಯಿತು. ದೊಡ್ಡವರ ಚರಿತ್ರೆಗಳಲ್ಲಿ ಅಂಥದ್ದು ಇರುವುದಿಲ್ಲ ಎಂದು ಸೇರಿಸಿದ. ಅವ್ವ ಇಲ್ಲದ ಚರಿತ್ರೆ ಉಪ್ಪಿಲ್ಲದ ಝುಣಕ ಎಂದು ಶಟ್ಟೆವ್ವ ಕೈ ತೊಳೆದಳು. ಆ ಸಂಜೆ ವೀರಪ್ಪ ಬಂಗಲೆಯಿಂದ ತಡವಾಗಿ ಬಂದ, ಚಹಾ ಕೇಳಲಿಲ್ಲ. ತಾಯಿಯ ಹೆಸರು ಕೇಳಿದ್ದಕ್ಕೆ ಸಾಹೇಬರು ಮೊದಲು ಎದ್ದು ಕಿಡಕಿಯ ಹತ್ತಿರ ಹೋಗಿ ನಿಂತರಂತೆ. ಆಮೇಲೆ ಮಾತು ಶುರುವಾದದ್ದು ದೀಪ ಹಚ್ಚುವತನಕ ನಿಲ್ಲಲಿಲ್ಲವಂತೆ. ತಾಯಿಯ ಹೆಸರು ಮಾರ್ಥಾ. ಮಂದಿಯ ಮನೆಯ ಅರಿವೆ ಒಗೆದು ಮಗನನ್ನು ಸಾಲೆಗೆ ಕಳಿಸಿದವಳು. ಥಂಡಿಗೆ ಅವಳ ಬೆರಳುಗಳು ಬಿರಿದು ನೆತ್ತರು ಬರುತ್ತಿತ್ತು.

"ಬರಕೋ ಅಂದ್ರು," ಎಂದ ವೀರಪ್ಪ. ಅವನಿಗೂ ಅದು ಆಶ್ಚರ್ಯವೇ ಆಗಿತ್ತು. ಪುಸ್ತಕದಲ್ಲಿ ಆಕೆ ಮಾರ್ಥಾಬಾಯಿ ಆದಳು. ಶಟ್ಟೆವ್ವ ಮಾರ್ತವ್ವ ಎಂದೇ ಅನ್ನುತ್ತಿದ್ದಳು. ಪಾತ್ರೆ ತಿಕ್ಕುವಾಗ ಒಮ್ಮೆ, ಆ ದೇಶದಾಗ ಸೀಗಿಕಾಯಿ ಸಿಗತೈತೋ ಇಲ್ಲೋ ಎಂದು ಸೊಸೆಯನ್ನು ಕೇಳಿದಳು.

ಅಲ್ಲಿಯವರೆಗೆ ಮನೆ ಹೇಗೋ ನಡೆದಿತ್ತು. ಸಾಹೇಬರ ಚಿತ್ರ ಬರೆಯಲು ರಾಮದುರ್ಗದಿಂದ ಚಿತ್ರಗಾರ ಶಟ್ಟೆಪ್ಪ ಬಂದಿಳಿದ ಮೇಲೆ ನಡೆಯಲಿಲ್ಲ. ಆತ ಮೊದಲು ಊಟ ಮಾಡಿದ, ಆಮೇಲೆ ಮಲಗಿದ, ಎದ್ದು ಛಾಪಖಾನೆಯ ಕಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ಒಂದರಲ್ಲಿ ಬಿರುಕು, ಒಂದರಲ್ಲಿ ಚುಕ್ಕೆ, ಉಳಿದವು ಸಣ್ಣವು. ಮುಂಬಯಿಯಿಂದ ಹೊಸ ಕಲ್ಲು ಧಾರವಾಡದವರೆಗೆ ರೈಲಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ ಬರುವ ಹೊತ್ತಿಗೆ ಸಾಹೇಬರು ತಮ್ಮೂರಲ್ಲಿ ಇರುತ್ತಿದ್ದರು. ದೊಡ್ಡದು, ಚೊಕ್ಕಾದದ್ದು ಇದ್ದದ್ದು ಒಂದೇ. ಅದು ದೇವರ ಕೋಣೆಯಲ್ಲಿತ್ತು.

ಮುದಕಪ್ಪ ಕಡೆಯದಾಗಿ ಬರೆದ ಕಲ್ಲು ಅದು. ಭಜನೆಯ ಪುಸ್ತಕದ ಕೊನೆಯ ಪುಟ. ಅದನ್ನು ಛಾಪಿಸಿ ಮುಗಿಸಿದ ವಾರದಲ್ಲೇ ಅವನು ತೀರಿಕೊಂಡಿದ್ದ. ಶಟ್ಟೆವ್ವ ಕಲ್ಲನ್ನು ಒಳಗೆ ಹೊರಿಸಿಕೊಂಡಿದ್ದಳು. ಅಮಾವಾಸ್ಯೆಗೊಮ್ಮೆ ಅದಕ್ಕೆ ಕುಂಕುಮ ಬೀಳುತ್ತಿತ್ತು. ಅಕ್ಷರಗಳೆಲ್ಲ ತಿರುವುಮುರುವು ಇದ್ದವು. ಓದು ಬಾರದ ಶಟ್ಟೆವ್ವನಿಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ.

ವೀರಪ್ಪ ಖುರ್ಚಿ ಬಿಟ್ಟು ಬಂದು ತಾಯಿಯ ಮುಂದೆ ನೆಲಕ್ಕೆ ಕುಳಿತ. ಅದನ್ನು ಕಂಡೇ ರಾಚವ್ವನಿಗೆ ಮಾತು ಯಾವುದೆಂದು ತಿಳಿಯಿತು.

"ಯವ್ವಾ, ಒಳಗಿನ ಕಲ್ಲ ಬೇಕಾಗೇತಿ."

"ಯಾರ ಕಲ್ಲು?"

"ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ನಿನ್ನ ಬಾಯಾಗಿಂದ ಕೇಳಬೇಕಾಗಿತ್ತು."

"ಅಪ್ಪನ ಕಲ್ಲು."

"ಅಪ್ಪನ ಅಕ್ಷರಾ ಅಳಿಸಿ ಸಾಹೇಬನ ಮೀಸಿ ಬರಿಯಾವ ನೀ."

"ಅಳಿಸಿ ಅಳಿಸೇ ಈ ಛಾಪಖಾನಿ ನಡದೈತಿ. ಅಪ್ಪ ಬರದದ್ದು ಎಷ್ಟ ಸಲ ಅಳಿಸಿಲ್ಲ?"

"ಅಳಿಸಿದಾಕಿ ನಾನು," ಎಂದಳು ಶಟ್ಟೆವ್ವ. "ಅವರು ಬರಿಯೂದು, ನಾ ಅರಿಯೂದು. ಒಂದ ದಿನಾನೂ ಹೊಟ್ಟಿ ಉರೀಲಿಲ್ಲ. ಯಾಕಂದ್ರ ನಾಳಿ ಮತ್ತ ಬರೀತಾರ ಅಂತ ಗೊತ್ತಿತ್ತು. ಈಗ ಇದನ್ನ ಅರದ್ರ ನಾಳಿ ಯಾರ ಬರೀತಾರ, ಹೇಳು."

ವೀರಪ್ಪ ಏಜೆನ್ಸಿಯ ಮಾತು ತೆಗೆದ. ಏಜೆನ್ಸಿ ಬಂದರೆ ಸೀತವ್ವನನ್ನು ಗಂಡನ ಮನೆಗೆ ಹೇಗೆ ಕಳಿಸಬಹುದು, ಛಾಪಖಾನೆಗೆ ಎಂಥ ಯಂತ್ರ ತರಬಹುದು, ಸಾಹೇಬರ ಪುಸ್ತಕದಲ್ಲಿ ಚಿತ್ರವೇ ಇಲ್ಲದಿದ್ದರೆ ನಾಲ್ಕು ಮಂದಿಯೆದುರು ತನ್ನ ಮುಖ ಏನಾದೀತು, ಎಲ್ಲವನ್ನೂ ಹೇಳಿದ. ರಾಚವ್ವ ನಡುವೆ ಬಾಯಿ ಹಾಕಿ, ಅದರದೊಂದು ಛಾಪು ಕಾಗದದ ಮೇಲೆ ತೆಗೆದಿಟ್ಟರಾಗದೇ ಎಂದು ಮೆಲ್ಲಗೆ ಕೇಳಿದಳು.

"ಕಾಗದಾ ಗೆದ್ದಲ ತಿಂತಾವ, ಯವ್ವಾ," ಎಂದಳು ಶಟ್ಟೆವ್ವ ಸೊಸೆಗೆ. "ಮತ್ತ ಕಾಗದಕ್ಕ ತಾಗಿದ್ದು ಕಲ್ಲು. ಅವರ ಕೈ ತಾಗಿದ್ದು ಇದಕ್ಕ."

ಮರುದಿನ ಶಟ್ಟೆವ್ವ ಸೀರೆ ಗಂಟು ಕಟ್ಟಿಕೊಂಡಳು. ಮುರಗೋಡದಲ್ಲಿ ಅವಳ ತಮ್ಮನ ಮನೆ ಇತ್ತು. ಅಳಲಿಲ್ಲ, ಬೈಯಲಿಲ್ಲ. ಚಕ್ಕಡಿ ಹತ್ತುವಾಗ ಮಗನಿಗೆ ಹೇಳಿದ್ದು ಇಷ್ಟೇ: "ಅರೀರಿ. ನನ್ನ ಕಣ್ಣ ಮುಂದ ಬ್ಯಾಡ."

ಕಲ್ಲು ಅರೆಯುವುದು ಆ ಮನೆಯಲ್ಲಿ ಹೆಂಗಸರ ಕೆಲಸ. ಎರಡು ಕಲ್ಲುಗಳ ನಡುವೆ ಮಲಪ್ರಭೆಯ ಸಣ್ಣ ಉಸುಕು ಹಾಕಿ, ನೀರು ಚಿಮುಕಿಸಿ, ಬೀಸುವ ಕಲ್ಲಿನ ಹಾಗೆ ಮೇಲಿನದನ್ನು ತಿರುವಬೇಕು. ರಾಚವ್ವ ಮದುವೆಯಾಗಿ ಬಂದ ವರ್ಷ ಅದನ್ನು ಹೇಳಿಕೊಟ್ಟವನು ಮುದಕಪ್ಪನೇ. ಹಿತ್ತಲಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಸೊಸೆಯ ಮುಖ ನೋಡದೆ ಕಲ್ಲನ್ನೇ ನೋಡುತ್ತ ಹೇಳಿದ್ದ: "ಅಕ್ಷರಾ ಹೋತು ಅಂತ ಕೈ ಬಿಡಬ್ಯಾಡ ತಂಗಿ. ಎಣ್ಣಿ ಒಳಗ ಇಳದಿರತೈತಿ. ಕಂಡದ್ದನ್ನ ಅರದಷ್ಟ ಹೊತ್ತು ಕಾಣದ್ದನ್ನೂ ಅರೀಬೇಕು." ಹಾಗೆ ಅರೆಯದಿದ್ದರೆ ಹಳೆಯ ಬರಹ ಹೊಸದರ ನಡುವೆ ಎದ್ದು ಬರುತ್ತದೆ ಎಂದೂ ಹೇಳಿದ್ದ. ಅಂದಿನಿಂದ ರಾಚವ್ವ ಅರೆದ ಕಲ್ಲಿನಲ್ಲಿ ಏನೂ ಎದ್ದು ಬಂದಿರಲಿಲ್ಲ.

ಅವಳೂ ಸೀತವ್ವನೂ ಎದುರಾಬದುರು ಕುಳಿತು ಅರೆದರು. ಉಸುಕಿನ ನೀರು ಮೊದಲು ಕಪ್ಪಗೆ ಇಳಿಯಿತು, ಆಮೇಲೆ ಬೂದಿಯ ಬಣ್ಣವಾಯಿತು, ಆಮೇಲೆ ಹಾಲಿನಂತೆ ಬೆಳ್ಳಗಾಯಿತು. ರಾಚವ್ವ ಕಲ್ಲನ್ನು ತೊಳೆದು ಬಿಸಿಲಿಗೆ ಓರೆ ಹಿಡಿದು ನೋಡಿದಳು. ಅಕ್ಷರವಿರಲಿಲ್ಲ. ಸೀತವ್ವ ಮತ್ತೊಂದು ಹಿಡಿ ಉಸುಕು ತೆಗೆದುಕೊಂಡಳು.

"ಸಾಕು," ಎಂದಳು ರಾಚವ್ವ.

"ಅವ್ವಾ, ಇನ್ನೂ ಅರ್ಧಾ ಉಳದೈತಿ."

"ಸಾಕಂದ್ನೆಲ್ಲ. ಎಮ್ಮಿ ಒದರಾಕ ಹತ್ತೈತಿ."

ಎಮ್ಮೆ ಒದರುತ್ತಿರಲಿಲ್ಲ, ಬೇಲಿಯ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಸೀತವ್ವ ಅದನ್ನೊಮ್ಮೆ ನೋಡಿ ಉಸುಕನ್ನು ಬುಟ್ಟಿಗೆ ಹಾಕಿದಳು.

ಶಟ್ಟೆಪ್ಪ ಹೋಳಿಯತನಕ ಚಿತ್ರ ಬರೆದ. ಸಾಹೇಬರ ಒಂದು ಫೋಟೋ ಎದುರಿಗಿಟ್ಟುಕೊಂಡು ಒಂದು ದಿನ ಮೀಸೆ, ಒಂದು ದಿನ ಕಾಲರು, ಹೀಗೆ. ಪ್ರತಿ ಅಂಗಕ್ಕೂ ಆತನಿಗೆ ಬೇರೆ ಬೇರೆ ಊಟ ಬೇಕಾಗುತ್ತಿತ್ತು. ಕಣ್ಣು ಬರೆಯುವ ದಿನ ಹೋಳಿಗೆ ಉಂಡ. ಶಟ್ಟೆವ್ವನಿಲ್ಲದ ಅಡಿಗೆಮನೆಯಲ್ಲಿ ರಾಚವ್ವ ಒಂದು ಕೈಯಿಂದ ಒಲೆ, ಒಂದು ಕೈಯಿಂದ ಎಮ್ಮೆ ನೋಡಿಕೊಂಡಳು. ಹಿಂಡಿಗೆ ಉಪ್ಪು ಹೆಚ್ಚಾದರೆ ಹೇಳುವವರಿರಲಿಲ್ಲ. ವೀರಪ್ಪ ಒಂದು ಮಧ್ಯಾಹ್ನ ಮೇಜಿನ ಮುಂದೆ ಕುಳಿತು, ಮೂಲೆಯ ಖಾಲಿ ಮಣೆಯ ಕಡೆ ನೋಡಿ, ಅವ್ವನಿಂದ ಏನಾದರೂ ಸುದ್ದಿ ಬಂತೇ ಎಂದ. ರಾಚವ್ವ ಬಂದಿಲ್ಲವೆಂದಳು. ಆ ದಿನ ಅವನು ಬರೆದದ್ದನ್ನು ಓದಿ ಹೇಳಲಿಲ್ಲ. ಕೇಳಿ ಕೊಂಕು ತೆಗೆಯುವವರಿಲ್ಲದ ಮೇಲೆ ಓದುವುದರಲ್ಲಿ ಸ್ವಾರಸ್ಯವೇನು?

ಪುಟಗಳೆಲ್ಲ ಅಚ್ಚಾಗಿ, ಉಳಿದದ್ದು ಚಿತ್ರ ಒಂದೇ. ಒರಟು ಕಾಗದದ ಮೇಲೆ ತೆಗೆದ ಮೊದಲ ಕಚ್ಚಾ ಛಾಪುಗಳು ಚೊಕ್ಕಾಗಿ ಬಂದವು. ಸಾಹೇಬರು ಸಾಹೇಬರಂತೆಯೇ ಇದ್ದರು. ವೀರಪ್ಪ ಮುಂಬಯಿಯಿಂದ ತರಿಸಿದ್ದ ನುಣುಪು ಕಾಗದವನ್ನು ಅಚ್ಚು ಒತ್ತುವ ಹಣಮಂತಪ್ಪನ ಕೈಗೆ ಕೊಟ್ಟು, ನಿಶ್ಚಿಂತೆಯಿಂದ ಯರಗಟ್ಟಿಯ ಅರಳೆ ಪೇಟೆಗೆ ಹೋದ. ಬೀಳ್ಕೊಡುವ ಸಭೆ ಮರುದಿನವೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಹಣಮಂತಪ್ಪ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಕೈ ಸನ್ನೆ ಮಾಡಿ ಕರೆದ. ಪಡಸಾಲೆಯಲ್ಲಿ ಹಗ್ಗದ ಮೇಲೆ ಸಾಹೇಬರು ಸಾಲಾಗಿ ಒಣಗುತ್ತಿದ್ದರು. ಮೊದಲನೆಯ ಸಾಹೇಬರ ಕೆನ್ನೆಯ ಮೇಲೆ ಕೂದಲಿನಷ್ಟು ತೆಳುವಾದ ಗೆರೆಗಳು. ನಾಲ್ಕು ಹೆಜ್ಜೆ ಮುಂದೆ ಆ ಗೆರೆಗಳು ಅಕ್ಷರ. ಹಗ್ಗದ ಕಡೆಯ ತುದಿಯಲ್ಲಿ ಅಕ್ಷರಗಳು ಸಾಲು, ಹಣೆಯಿಂದ ಕಾಲರಿನವರೆಗೆ.

ರಾಚವ್ವ ಬಹಳ ಹೊತ್ತು ನಿಂತು ನೋಡಿದಳು. ಆಮೇಲೆ ಹೊರಗೆ ಹೋಗಿ, ಮುರಗೋಡದ ಕಡೆ ಹೊರಟಿದ್ದ ಒಂದು ಚಕ್ಕಡಿಯವನನ್ನು ನಿಲ್ಲಿಸಿ, ಅತ್ತೆಗೆ ಕೂಡಲೇ ಬರಬೇಕಂತೆ ಎಂದು ಹೇಳಿ ಕಳಿಸಿದಳು.

ವೀರಪ್ಪ ಹೊತ್ತಿಳಿಯುವಾಗ ಬಂದ. ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ನಡೆದ.

"ಕಲ್ಲ ಯಾರ ಅರದವರು?"

"ನಾನ ಅರದೇನ್ರಿ," ಎಂದಳು ರಾಚವ್ವ.

"ಎಲ್ಲೀತನಕಾ ಅರದಿ?"

"ಅಕ್ಷರಾ ಹೋಗೂತನಕಾ."

"ಆಮ್ಯಾಲ?"

"ಎಮ್ಮಿ ಹಿಂಡೂ ಹೊತ್ತಾಗಿತ್ರಿ."

ವೀರಪ್ಪ ಅವಳ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಛಾಪಖಾನೆಯ ಮನೆಯಲ್ಲಿ ಬೆಳೆದವನಿಗೆ ಕಲ್ಲೂ ಗೊತ್ತು, ಎಮ್ಮೆ ಹಿಂಡುವ ಹೊತ್ತೂ ಗೊತ್ತು. ನುಣುಪು ಕಾಗದ ಮುಗಿದಿತ್ತು. ಚಿತ್ರವನ್ನು ಬಿಟ್ಟು ಹೊಲಿಯೋಣವೇ ಎಂದು ಹಣಮಂತಪ್ಪ ಕೇಳಿದ. ಶಟ್ಟೆಪ್ಪ ತನ್ನ ಸಾಹೇಬನನ್ನು ಯಾರೋ ಗೀಚಿ ಹಾಳು ಮಾಡಿದರೆಂದು ಗೊಣಗಿದ. ವೀರಪ್ಪ ಹಗ್ಗದ ಕಡೆಯ ಚಿತ್ರದ ಹತ್ತಿರ ಹೋಗಿ, ಸಾಹೇಬರ ಕಾಲರಿನ ಮೇಲಿನ ಸಾಲನ್ನು ದನಿ ಮಾಡಿ ಓದಿದ.

"ಬರೆದವನು ಮುದಕಪ್ಪನು. ತಪ್ಪಿದ್ದಲ್ಲಿ ಬಲ್ಲವರು ತಿದ್ದಿ ಓದಿಕೊಳ್ಳುವುದು."

ಹಿಂದೆ ಪುಸ್ತಕ ಬರೆದವರೆಲ್ಲ ಕಡೆಗೆ ಹಾಗೆ ಒಂದು ಸಾಲು ಬರೆಯುತ್ತಿದ್ದರು. ಈಗ ಯಾರೂ ಬರೆಯುವುದಿಲ್ಲ, ತಪ್ಪುಗಳೇನೂ ಕಡಿಮೆಯಾಗಿಲ್ಲ.

ವೀರಪ್ಪ ಕೋಟು ಕಳಚಿ ಗೂಟಕ್ಕೆ ಹಾಕಿದ. "ಹೊಲೀರಿ," ಎಂದ. "ಇದ್ದಂಗ ಹೊಲೀರಿ."

ಮರುದಿನ ಮುಂಜಾನೆ ಚಕ್ಕಡಿಯಿಂದಿಳಿದ ಶಟ್ಟೆವ್ವ, ಯಾರಿಗೆ ಏನಾಯಿತೋ ಎಂಬ ಗಾಬರಿಯಲ್ಲಿ ಕಾಲು ತೊಳೆಯುವುದನ್ನೂ ಮರೆತು ಒಳಗೆ ಬಂದಳು. ರಾಚವ್ವ ಒಂದು ಚಿತ್ರವನ್ನು ಕೈಗಿಟ್ಟಳು. ಮುದುಕಿ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಅವಳ ಬೆರಳು ಸಾಹೇಬರ ಮೀಸೆ, ಮೂಗು ಎಲ್ಲ ದಾಟಿ ಕಾಲರಿಗೆ ಬಂದು ಒಂದು ಅಕ್ಷರದ ಮೇಲೆ ನಿಂತಿತು. ಕೆಳಗೆ ಉದ್ದಕ್ಕೆ ಇಳಿದು ತುದಿಯಲ್ಲಿ ಕೊಕ್ಕೆಯಂತೆ ಮೇಲೆದ್ದ ಒಂದು ಬಾಲವಿತ್ತು ಅದಕ್ಕೆ.

"ಈ ಬಾಲ ಅವರದು," ಎಂದಳು. "ಅರಿಯೂವಾಗ ಎಲ್ಲಾದಕ್ಕಿಂತ ಕಡೀಕ ಇದ ಹೋಗತಿತ್ತು. ಎಷ್ಟ ಬೈದೇನಿ ಇದಕ್ಕ."

ಆಮೇಲೆ ಸೊಸೆಯ ಕಡೆ ತಿರುಗಿದಳು. "ಉಸುಕು ಕಡಿಮಿ ಬಿದ್ದಿತ್ತೇನು?"

"ಹೌದ್ರಿ ಅತ್ತಿ."

"ಉಸುಕಿಗೇನು ಬರ ಬಂದಿತ್ತು ಊರಾಗ?" ಎಂದು ಶಟ್ಟೆವ್ವ ಬೈದಳು. ಬೈಯುತ್ತಲೇ ಒಲೆಯ ಮುಂದೆ ಕುಳಿತು, ಹಿಂಡಿಯನ್ನು ನಾಲಿಗೆಗೆ ಹಚ್ಚಿ ನೋಡಿ, ಅದಕ್ಕೂ ಬೈದಳು.

ಜಿನ್ನಿನ ಸಭೆಗೆ ಹೆಂಗಸರು ಹೋಗಲಿಲ್ಲ. ನಡೆದದ್ದನ್ನು ವೀರಪ್ಪ ಆ ಸಂಜೆ ಊಟಕ್ಕೆ ಕುಳಿತಾಗ ಹೇಳಿದ. ಕುಳಿತದ್ದು ನೆಲದ ಮೇಲೆ, ತಾಯಿಯ ಮಣೆಯ ಪಕ್ಕದಲ್ಲಿ. ಹಾರ ಹಾಕಿದ್ದಾಯಿತು, ಭಾಷಣವಾಯಿತು. ಸಾಹೇಬರು ಪುಸ್ತಕ ತೆರೆದು, ಮೂಗಿಗೆ ಚಾಳೀಸು ಏರಿಸಿ, ತಮ್ಮ ಚಿತ್ರವನ್ನು ಹತ್ತಿರ ಹಿಡಿದು ನೋಡಿದರಂತೆ. ಮುಂಬಯಿಯಲ್ಲಿ ವರ್ಷಗಟ್ಟಲೆ ನಕಾಶೆ ಛಾಪಿಸಿದವರು.

"ಕಲ್ಲ ಕಡಿಮಿ ಅರದೈತಿ ವೀರಪ್ಪ ಅಂದ್ರು. ಹೌದ್ರಿ ಅಂದೆ. ಯಾರ ಅಕ್ಷರಾ ಅಂದ್ರು. ನಮ್ಮಪ್ಪಂದ್ರಿ ಅಂದೆ."

"ಮುಂದ?" ಎಂದಳು ಶಟ್ಟೆವ್ವ.

ಮುಂದೆ ಅವರು ತಮ್ಮ ತಾಯಿಯ ಸಂಗತಿ ಯಾವ ಪುಟದಲ್ಲಿದೆ ಎಂದು ಕೇಳಿದರು. ಕನ್ನಡ ಓದಲು ಅವರಿಗೆ ಬಾರದು. ವೀರಪ್ಪ ಪುಟ ತೆಗೆದು ಮಾರ್ಥಾಬಾಯಿ ಎಂಬ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ. ಸಾಹೇಬರು ಆ ಪುಟದ ತುದಿ ಮಡಿಚಿ, ಪುಸ್ತಕವನ್ನು ಉಳಿದ ಕಾಣಿಕೆಗಳ ಜೊತೆ ಮೇಜಿನ ಮೇಲಿಡದೆ ಕೋಟಿನೊಳಗೆ ಇಟ್ಟುಕೊಂಡರು.

ಶಟ್ಟೆವ್ವ ಮಗನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

ಯುಗಾದಿ ಕಳೆದ ವಾರ ಏಜೆನ್ಸಿ ಮುಂಬಯಿಯ ಒಬ್ಬ ಸೇಟನಿಗೆ ಆಯಿತು. ಪುಸ್ತಕ ಶುರುವಾಗುವ ಮೊದಲೇ ಆ ಮಾತು ಮುಗಿದಿತ್ತಂತೆ. ಕಲ್ಲನ್ನು ಮತ್ತೆ ಯಾರೂ ಅರೆಯಲಿಲ್ಲ. ಅದು ದೇವರ ಕೋಣೆಗೆ ಮರಳಿತು, ಅಮಾವಾಸ್ಯೆಗೊಮ್ಮೆ ಮುದಕಪ್ಪನ ಅಕ್ಷರಕ್ಕೂ ಸಾಹೇಬರ ಹಣೆಗೂ ಒಟ್ಟಿಗೇ ಕುಂಕುಮ ಬಿತ್ತು. ಹುಕುಮನ್ನು ವೀರಪ್ಪ ರದ್ದು ಮಾಡಲಿಲ್ಲ. ಮನೆಯಲ್ಲಿ ರೊಟ್ಟಿಯನ್ನು ಎಂಟು ಗಂಟೆಗೆ ಬಡಿದರು.